ಗರಗಸದ ಗಾಯವೂ ಹಾಯಿಹಡಗಿನ ಹಳೆಯ ಕಥೆಯೂ

ಬೀದರ ಜಿಲ್ಲೆಯ ನಿರ್ಣಾದಲ್ಲಿ ಹುಟ್ಟಿ ಬೆಳೆದವನಿಗೆ ಹಡಗಿನ ಉಸಾಬರಿ ಏಕೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಚುರುಕಾದ ಉತ್ತರವಿಲ್ಲ. ನಮ್ಮೂರಿನಿಂದ ಪಡುವಣ ಸಮುದ್ರ, ನೇರವಾಗಿ ಗೆರೆ ಎಳೆದು ಅಳೆದರೂ, ನಾನೂರು ಕಿಲೋಮೀಟರಿಗೆ ಮೇಲಾಗುತ್ತದೆ. ನಾವು ಕಡಲೆಯನ್ನು ಬಲ್ಲವರೇ ಹೊರತು ಕಡಲನ್ನು ಬಲ್ಲವರಲ್ಲ. ಮರಗೆಲಸವೆಂದರೆ ನಮ್ಮಲ್ಲಿ ಬಂಡಿ, ನೊಗ, ಕೂರಿಗೆ, ಬಾಗಿಲಚೌಕಟ್ಟು; ಅಲ್ಲಿಗೆ ಮುಗಿಯಿತು. ಆದರೆ ಸರಕಾರಿ ಕಾಲೇಜಿನ ಉಪನ್ಯಾಸಕನಿಗೆ ವರ್ಗಾವಣೆಯೆಂಬುದೊಂದುಂಟಷ್ಟೆ. ಅದು ನನ್ನನ್ನು ಕೆಲವು ವರ್ಷ ಉತ್ತರ ಕನ್ನಡದ ಕರಾವಳಿಯಲ್ಲಿ ಇರಿಸಿತು. ಹಳಗನ್ನಡ ಕಾವ್ಯಗಳ ಸಮುದ್ರವರ್ಣನೆಯನ್ನು ಹತ್ತು ಹದಿನೈದು ವರ್ಷ ಪಾಠ ಹೇಳಿದ ಮೇಲೆ ನಾನು ಸಮುದ್ರವನ್ನು ದಿನವೂ ಕಾಣುವಂತಾದದ್ದು ಹೀಗೆ.

ಶರಾವತಿಯ ಅಳಿವೆಯ ಬಳಿ, ತೆಂಗಿನ ಗರಿಯ ಒಂದು ಚಪ್ಪರದ ಕೆಳಗೆ, ಹಳೆಯ ಹಾಯಿದೋಣಿಯೊಂದನ್ನು ರಿಪೇರಿಗೆ ಎಳೆದು ನಿಲ್ಲಿಸಿದ್ದರು. ಸಂಜೆ ಅಡ್ಡಾಡಲು ಹೋಗುವ ದಾರಿಯಲ್ಲಿಯೇ ಇದ್ದುದರಿಂದ ಮೊದಲು ನಿಂತು ನೋಡುವುದು, ಆಮೇಲೆ ಕುಳಿತು ನೋಡುವುದು, ಕೊನೆಗೆ ಹೋಗದಿದ್ದರೆ ಏನೋ ಕಳೆದುಕೊಂಡಂತಾಗುವುದು ಎಂಬಷ್ಟು ಅಭ್ಯಾಸವಾಯಿತು. ದೋಣಿಯ ಒಡೆಯರ ಅಜ್ಜ ಅದರಲ್ಲಿ ಹೆಂಚು, ಉಪ್ಪು, ತೆಂಗಿನಕಾಯಿ ಸಾಗಿಸುತ್ತಿದ್ದರಂತೆ. ಹಾಯಿ ಹೋಗಿ ಇಂಜಿನ್ನು ಬಂದ ಮೇಲೆ ಅದು ದಂಡೆಯ ಮೇಲೆ ಮಲಗಿತು. ಈಗ ಮೊಮ್ಮಗನಿಗೆ ಅದನ್ನು ಮತ್ತೆ ನೀರಿಗಿಳಿಸಿ ಹಾಯಿ ಏರಿಸಬೇಕೆಂಬ ಹುಚ್ಚು. ಕೆಲಸಕ್ಕೆ ಸಿಕ್ಕವರು ಎಪ್ಪತ್ತು ದಾಟಿದ ಒಬ್ಬ ಆಚಾರಿ; ಅವರ ಜತೆಗೆ ಅವರ ತಂಗಿಯ ಮಗ, ಹತ್ತೊಂಬತ್ತು ಇಪ್ಪತ್ತರ ಹುಡುಗ.

ಒಂದು ಸಂಜೆ ನಾನು ಹೋದಾಗ ಚಪ್ಪರದ ಕೆಳಗೆ ಮಾತಿರಲಿಲ್ಲ. ಕೊಳೆತ ಹಲಗೆಯೊಂದನ್ನು ಕೊಯ್ದು ತೆಗೆಯುವಾಗ ಹುಡುಗನ ಕೈಯಲ್ಲಿದ್ದ ವಿದ್ಯುತ್ ಗರಗಸ ಗುರುತು ದಾಟಿ ಓಡಿತ್ತು. ಪಕ್ಕದ ಗಟ್ಟಿ ಹಲಗೆಯಲ್ಲಿ ಎಳೆಯುದ್ದಕ್ಕೂ ಒಂದು ಗೇಣಿನಷ್ಟು ಸೀಳು. ಅದಕ್ಕಿಂತ ಕೆಟ್ಟದ್ದು, ಹಲಗೆಯ ಹಿಂದಿದ್ದ ಪಕ್ಕೆಯಲ್ಲಿ ಅಡ್ಡಲಾಗಿ ಎರಡು ಬೆರಳು ಆಳದ ಕೊಯ್ತ. ಹಡಗಿಗೂ ಮನುಷ್ಯನಿಗೂ ಪಕ್ಕೆಲುಬುಗಳಿವೆ. ಆ ಮರವೇ ಹಲಗೆಗಳನ್ನೆಲ್ಲ ಹಿಡಿದು ಒಡಲಿನ ಆಕಾರ ಕೊಡುವಂಥದು. ಒಡೆಯರು, "ದುಡ್ಡು ಕೊಟ್ಟು ಅಜ್ಜನ ದೋಣಿ ಕೊಯ್ಸಿಕೊಂಡ ಹಾಗಾಯ್ತಲ್ಲ ಆಚಾರ್‍ರೆ!" ಎಂದು ಕೂಗಿ ಹೊರಟುಹೋಗಿದ್ದರು.

"ತಪ್ಪಾಯ್ತು ಮಾವ," ಎಂದ ಹುಡುಗ.

"ತಪ್ಪಾದ್ದು ನಂಗೂ ಕಾಣ್ತದೆ. ಎಷ್ಟು ಆಳ ಹೋಗದೆ, ಅದನ್ನ ಹೇಳು."

ಹುಡುಗನಿಗೆ ಗೊತ್ತಿರಲಿಲ್ಲ. ಆಚಾರಿ ಹಿಡಿಸೂಡಿಯಿಂದ ಒಂದು ಕಡ್ಡಿ ಕಿತ್ತು ಕೊಟ್ಟರು. ಆ ಕಡ್ಡಿಯನ್ನು ಸೀಳಿನ ಉದ್ದಕ್ಕೂ ಇಳಿಸಿ, ಎಲ್ಲಿ ಎಷ್ಟು ಇಳಿಯಿತೆಂದು ಉಗುರಿನಲ್ಲಿ ಗುರುತು ಮಾಡಿ, ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆಯುವುದರಲ್ಲಿ ಆ ಸಂಜೆ ಮುಗಿಯಿತು. ಅಂದು ಇನ್ನೇನೂ ಮಾಡಲಿಲ್ಲ. ಗಾಯ ಹೊಲಿಯುವ ಮೊದಲು ಅದನ್ನು ಅಳೆಯಬೇಕೆಂಬ ಈ ಪಾಠ ನನ್ನ ಮೇಜಿನ ಮೇಲಿದ್ದ ಹಸ್ತಪ್ರತಿಗಳಿಗೂ ಸಲ್ಲುತ್ತದೆ ಎಂದು ಮನೆಗೆ ಬರುತ್ತ ನನಗೆ ಅನ್ನಿಸಿತು. ಅದನ್ನು ಮುಂದೆ ಹೇಳುತ್ತೇನೆ.

ಮರದ ಹಡಗು ಎಂಬುದು ಒಂದು ಸಲ ಕಟ್ಟಿ ಮುಗಿಸುವ ವಸ್ತುವಲ್ಲ. ಕಟ್ಟಿದ ಮರುದಿನದಿಂದಲೇ ಅದರ ದುರಸ್ತಿ ಆರಂಭವಾಗುತ್ತದೆ. ನಮ್ಮ ಪೂರ್ವಿಕರಿಗೆ ಇದು ಚೆನ್ನಾಗಿ ತಿಳಿದಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನ ಕೆಲಸಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಸಾಕಷ್ಟು ಆಳಿಲ್ಲದೆ, ಸಲಕರಣೆಯಿಲ್ಲದೆ, ಅಥವಾ ದುರಸ್ತಿಯಿಲ್ಲದೆ ನಾವೆ ಹಾಳಾದರೆ ಆದ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡಬೇಕೆಂದು ಅಲ್ಲಿ ವಿಧಿಸಿದೆ. ಗಾಳಿಯನ್ನೂ ದೈವವನ್ನೂ ದೂರಿ ತಪ್ಪಿಸಿಕೊಳ್ಳಲು ಅಧಿಕಾರಿಗೆ ದಾರಿಯಿಲ್ಲ. ಈ ನಿಯಮ ಇಂದಿನ ರಸ್ತೆ, ಸೇತುವೆಗಳಿಗೂ ಅನ್ವಯಿಸುವಂತಿದ್ದರೆ ಎಷ್ಟು ಚೆನ್ನಾಗಿತ್ತು! ಇರಲಿ.

ನಮ್ಮ ಪಡುಗಡಲಿನ ಹಳೆಯ ಹಡಗುಗಳಲ್ಲಿ ಬಹುಪಾಲು ಮೊಳೆಯಿಲ್ಲದವು. ಹಲಗೆಗಳ ಅಂಚಿಗೆ ಬೈರಿಗೆಯಿಂದ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಒಂದಕ್ಕೊಂದು ಹೊಲಿದು, ಸಂದಿಗೆ ನಾರನ್ನು ಒತ್ತಿ ತುಂಬಿ, ಮೇಲೆ ಎಣ್ಣೆ ರಾಳ ಬಳಿಯುತ್ತಿದ್ದರು. ೧೩ನೆಯ ಶತಮಾನದ ಕೊನೆಯಲ್ಲಿ ಹೊರ್ಮುಜಿನಲ್ಲಿ ಇಂಥ ಹಡಗುಗಳನ್ನು ಕಂಡ ವೆನಿಸಿನ ಮಾರ್ಕೊ ಪೋಲೋ ಅವನ್ನು ಬಹಳ ಹಗುರಾಗಿ ಕಂಡ. ಇವುಗಳಲ್ಲಿ ಪ್ರಯಾಣ ಮಾಡುವುದು ಅಪಾಯವೆಂದ. ಅವನ ನಂತರ ೧೪ನೆಯ ಶತಮಾನದ ನಡುವೆ ಬಂದ ಇಬ್ನ್ ಬತೂತ ತದ್ವಿರುದ್ಧವಾಗಿ ಹೇಳುತ್ತಾನೆ: ಈ ಸಮುದ್ರದಲ್ಲಿ ಬಂಡೆಗಳು ಹೆಚ್ಚು, ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಾಗಿ ಉಳಿಯುತ್ತದೆ ಎಂದು. ಇಬ್ಬರಲ್ಲಿ ನನ್ನ ಮತ ಬತೂತನಿಗೆ. ಏಕೆಂದರೆ ಅವನು ಹಡಗನ್ನು ಬಂದರಿನಲ್ಲಿ ನಿಂತು ನೋಡಿದವನಲ್ಲ. ನಮ್ಮ ಹೊನ್ನಾವರದಲ್ಲಿಯೇ ವಾಸವಿದ್ದು, ಅಲ್ಲಿಯ ಸುಲ್ತಾನ ಜಮಾಲುದ್ದೀನನು ಗೋವೆಯ ಮೇಲೆ ಐವತ್ತೆರಡು ಹಡಗುಗಳ ದಂಡು ಕಳುಹಿಸಿದಾಗ ತಾನೂ ಹತ್ತಿಕೊಂಡು ಹೋದವನು. ಹೊನ್ನಾವರದ ಆ ಹಡಗುಗಳಲ್ಲಿ ಯಾವುದು ಹೊಲಿದದ್ದು, ಯಾವುದು ಮೊಳೆಯದು ಎಂದು ನಾವು ತಲೆಕೆಡಿಸಿಕೊಳ್ಳಬೇಕಾದುದಿಲ್ಲ. ನಮಗೆ ಬೇಕಾದ ಮಾತು ಇಷ್ಟು: ಹೊಲಿದ ಹಡಗಿನಲ್ಲಿ ಹಲಗೆ ಕೆಟ್ಟರೆ ಹೊಲಿಗೆ ಬಿಚ್ಚಿ ಅದೊಂದನ್ನೇ ತೆಗೆಯಬಹುದು. ಕೊಯ್ಯಬೇಕಾದುದಿಲ್ಲ. ಮೊಳೆ ಹೊಡೆದ ಹಡಗಿನಲ್ಲಿ ಹಾಗಲ್ಲ. ತುಕ್ಕು ಹಿಡಿದ ಮೊಳೆ ಮರದೊಳಗೆ ಮುರಿದು ಕುಳಿತಿರುತ್ತದೆ, ಅದನ್ನು ಸುತ್ತಿ ಗರಗಸ ಹೋಗಬೇಕು. ಗರಗಸ ಹೋದಲ್ಲಿ ಕೈ ತಪ್ಪುವುದೂ ಇದ್ದದ್ದೇ.

ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಎಂಬ ಸಂಸ್ಕೃತ ಗ್ರಂಥ ಸಮುದ್ರಕ್ಕೆ ಹೋಗುವ ನಾವೆಯ ಹಲಗೆಗಳನ್ನು ಕಬ್ಬಿಣದಿಂದ ಜೋಡಿಸಕೂಡದು ಎನ್ನುತ್ತದೆ. ಕಾರಣ, ಕಡಲೊಳಗಿನ ಅಯಸ್ಕಾಂತ ಶಿಲೆಗಳು ಕಬ್ಬಿಣವನ್ನು ಸೆಳೆದುಬಿಡುತ್ತವೆ! ಕಾರಣ ತಪ್ಪು, ಆದರೆ ಹಿಂದಿನ ಅನುಭವ ಸುಳ್ಳಲ್ಲ: ಉಪ್ಪುನೀರಿನಲ್ಲಿ ಕಬ್ಬಿಣ ಕೊಳೆಯುತ್ತದೆ, ತನ್ನ ಸುತ್ತಲ ಮರವನ್ನೂ ಕೊಳೆಸುತ್ತದೆ. ಶಾಸ್ತ್ರಕಾರರು ಕಾರಣ ಹೇಳುವಾಗ ಎಡವಿದರೂ ಆಚಾರಿಗಳ ಮಾತನ್ನು ದಾಖಲಿಸುವಾಗ ಎಡವಲಿಲ್ಲ.

೧೪೯೮ರಲ್ಲಿ ವಾಸ್ಕೊ ಡ ಗಾಮ ಬಂದ. ಅಲ್ಲಿಂದ ಮುಂದೆ ಕಬ್ಬಿಣದ ಮೊಳೆ, ಸಂದಿಗೆ ಹತ್ತಿ ಅಥವಾ ನಾರು ಜಡಿದು ರಾಳ ಹೊಯ್ಯುವ ಪದ್ಧತಿ ನಮ್ಮ ತೀರದಲ್ಲಿ ಬೇರೂರಿದವು. ಈ ಸಂದಿ ಜಡಿಯುವ ಕೆಲಸಕ್ಕೂ ಅದನ್ನು ಮಾಡುವವನಿಗೂ ಹಿಂದೂಸ್ತಾನಿಯಲ್ಲಿ, ಖಲಾಸಿಗಳ ಮಾತಿನಲ್ಲಿ, 'ಕಲಾಪತ್ತಿ' ಎಂಬ ಹೆಸರಿತ್ತು. ಕೇಳಿದರೆ ಅಚ್ಚ ದೇಸಿ ಮಾತಿನಂತಿದೆ. ನಿಜದಲ್ಲಿ ಪೋರ್ಚುಗೀಸರ 'ಕಲಫಾತೆ'. ಮೇಜು, ಚಾವಿ, ಅಲಮಾರುಗಳ ಹಾಗೆ ಇದೂ ಹಡಗಿನಿಂದಿಳಿದು ನಮ್ಮವರ ಬಾಯಿಗೆ ಬಂದದ್ದು.

ನಮ್ಮ ಬೀದರ ಕಡೆಗೂ ಸಮುದ್ರಕ್ಕೂ ಸಂಬಂಧವೇ ಇರಲಿಲ್ಲವೆಂದು ಮಾತ್ರ ತಿಳಿಯಬಾರದು. ನಿರ್ಣಾದ ನೆರೆಯ ಕಲ್ಯಾಣದಲ್ಲಿ ಕುಳಿತು ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ ತನ್ನ ಮಗಳು ಮೈಲಲದೇವಿಯನ್ನು ಕೊಟ್ಟದ್ದು ಗೋವೆಯ ಕದಂಬ ಇಮ್ಮಡಿ ಜಯಕೇಶಿಗೆ, ಎಂದರೆ ಹಡಗಿನ ದೊರೆಗಳ ಮನೆಗೆ. ಗೋವೆಯ ಕದಂಬರ ಕಾಲದ ವೀರಗಲ್ಲುಗಳಲ್ಲಿ ನೌಕಾಯುದ್ಧದ ದೃಶ್ಯಗಳನ್ನು ಇಂದಿಗೂ ಹಳೆಯ ಗೋವೆಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕಲ್ಯಾಣದ ಅರಮನೆಯಲ್ಲಿ ಬೆಳೆದ ಆ ಹೆಣ್ಣುಮಗಳು ಮೊದಲ ಸಲ ಕಡಲನ್ನು ಕಂಡಾಗ ಏನೆನ್ನಿಸಿತೋ! ನನ್ನ ಅನುಭವದಿಂದ ಹೇಳುವುದಾದರೆ, ಮೊದಲ ಕೆಲವು ದಿನ ಬಾಯಿಗೆ ಮಾತು ಬಾರದು. ಮುಂದೆ ೧೫ನೆಯ ಶತಮಾನದಲ್ಲಿ ಬಹಮನಿ ರಾಜ್ಯದ ವಜೀರ ಮಹಮೂದ ಗವಾನನು ಇರಾನಿನಿಂದ ಬಂದದ್ದು ಸಮುದ್ರದ ದಾರಿಯಲ್ಲಿ. ೧೪೭೨ರಲ್ಲಿ ಗೋವೆಯನ್ನು ಗೆದ್ದುಕೊಂಡದ್ದೂ ಅವನೇ. ಅದೇ ಕಾಲದಲ್ಲಿ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಹೊರ್ಮುಜಿನಿಂದ ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿ ಚೌಲದಲ್ಲಿ ಇಳಿದು ಬೀದರಕ್ಕೆ ಬಂದ. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವನ್ನು ನೋಡಿದವರು ಆ ಚಿಪ್ಪು ಹೊಲದಲ್ಲಿ ಬೆಳೆದುದಲ್ಲವೆಂಬುದನ್ನು ನೆನೆಯಬೇಕು. ಕಲ್ಲನ್ನು ತೋಡಿ, ತೋಡಿದಷ್ಟಕ್ಕೇ ಚಿಪ್ಪನ್ನು ತೇದು, ಕೂದಲು ತೂರದಂತೆ ಕೂರಿಸಿದ ಆ ಕೈಗಳಿಗೂ, ಸೀಳಿಗೆ ಚಕ್ಕೆ ಕೂರಿಸುವ ನಮ್ಮ ಆಚಾರಿಯ ಕೈಗೂ ದೂರದ ನೆಂಟಸ್ತಿಕೆಯಿದೆ.

ಆ ಚಕ್ಕೆಯ ಕೆಲಸಕ್ಕೆ ಈಗ ಬರೋಣ. ಎರಡು ಗಾಯಗಳಿಗೂ ಎರಡು ಬೇರೆ ಚಿಕಿತ್ಸೆ ನಡೆಯಿತು. ಅದನ್ನು ನೋಡಿಯೇ ನನಗೆ ಮರದ ಸ್ವಭಾವ ಕೊಂಚ ಅರ್ಥವಾದದ್ದು.

ಹಲಗೆಯ ಸೀಳು ಎಳೆಯುದ್ದಕ್ಕೂ ಹೋಗಿತ್ತು. ಮರದ ಶಕ್ತಿಯೆಲ್ಲ ಎಳೆಯ ಉದ್ದಕ್ಕೆ ಇರುವುದರಿಂದ ಇಂಥ ಸೀಳು ಮರವನ್ನು ಅಷ್ಟಾಗಿ ದುರ್ಬಲಗೊಳಿಸದು. ನೀರು ಒಳಗೆ ಬರುವುದೊಂದೇ ಭಯ. ಹಾಗೆಂದು ಮೇಣವನ್ನೋ ಪುಟ್ಟಿಯನ್ನೋ ಮೆತ್ತಿ ಬಿಡುವಂತಿಲ್ಲ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಪುಟ್ಟಿ ಒಣಗಿ ಕಲ್ಲಾದ ಮೇಲೆ ಎರಡನ್ನೂ ಮಾಡದು. ಎರಡು ಮೂರು ಮಳೆಗಾಲದೊಳಗೆ ಅದು ಅಂಚು ಬಿಟ್ಟು ನಿಲ್ಲುತ್ತದೆ, ಆ ಸಂದಿಯಲ್ಲಿ ನಿಂತ ನೀರು ಮರವನ್ನು ಒಳಗಿನಿಂದ ತಿನ್ನುತ್ತದೆ. ಮರದ ಗಾಯಕ್ಕೆ ಮರವೇ ಮದ್ದು. ಆಚಾರಿ ಹೊಸ ಮರ ತರಿಸಲಿಲ್ಲ. ಕೊಯ್ದು ತೆಗೆದಿದ್ದ ಹಳೆಯ ತೇಗದ ಹಲಗೆಯಲ್ಲಿ ಕೊಳೆಯದೆ ಉಳಿದಿದ್ದ ತುದಿಯಿಂದಲೇ ಒಂದು ಪಟ್ಟಿ ಎಬ್ಬಿಸಿದರು. ಅದೇ ಜಾತಿ, ಅದೇ ವಯಸ್ಸು, ಅಷ್ಟೇ ಉಪ್ಪು ಕುಡಿದ ಮರ. ಪಟ್ಟಿಯ ಎಳೆ ಹಲಗೆಯ ಎಳೆಯ ಜತೆಗೇ ಓಡಬೇಕು. ಅಡ್ಡವಾದರೆ ಎರಡೂ ಬೇರೆ ಬೇರೆ ದಿಕ್ಕಿಗೆ ಉಬ್ಬಿ ಜಗಳವಾಡುತ್ತವೆ.

ಆಮೇಲೆ ನನಗೆ ವಿಚಿತ್ರವೆನಿಸಿದ ಕೆಲಸ ಮಾಡಿದರು: ಇದ್ದ ಸೀಳನ್ನೇ ಸಣ್ಣ ಕೈಗರಗಸದಿಂದ ಮತ್ತೆ ಕೊಯ್ಸಿದರು, ಅದೂ ಹುಡುಗನ ಕೈಯಿಂದ. ಓಡಿದ ಗರಗಸ ಬಿಟ್ಟ ಸೀಳು ಒಂದು ಕಡೆ ಅಗಲ, ಒಂದು ಕಡೆ ಇರುಕು, ಅಂಚೆಲ್ಲ ಹರಿದ ಬಟ್ಟೆಯಂತೆ. ಅದನ್ನು ಒಂದೇ ಅಗಲಕ್ಕೆ ತಂದು, ಸುಟ್ಟು ಕಪ್ಪಾದ ಭಾಗ ತೆಗೆದಲ್ಲದೆ ಪಟ್ಟಿ ಕೂರುವುದಿಲ್ಲ. ಪಟ್ಟಿಯನ್ನು ರಂದದ ಮೇಲೆ ಎಳೆದು ಎಳೆದು ಕೆಳಗಿನ ಅಂಚು ಒಂದು ಕೂದಲೆಳೆಯಷ್ಟು ತೆಳ್ಳಗಾಗುವಂತೆ ಮಾಡಿದರು. ತೇಗದಲ್ಲಿ ಎಣ್ಣೆಯಂಶ ಹೆಚ್ಚು. ಮರ ನೂರಾರು ವರ್ಷ ಬಾಳುವುದಕ್ಕೆ ಅದೇ ಕಾರಣ, ಅಂಟು ಹಿಡಿಯದಿರುವುದಕ್ಕೂ ಅದೇ ಕಾರಣ. ಆದುದರಿಂದ ಅಂಟು ಹಚ್ಚುವ ಮುಂಚೆ ಸ್ಪಿರಿಟ್ಟಿನ ಬಟ್ಟೆಯಿಂದ ಎರಡು ಬದಿಯನ್ನೂ ಒರಸಿದರು. ಅಂಟು ಮಾತ್ರ ಈ ಕಾಲದ್ದು, ಎರಡು ಡಬ್ಬಿಗಳಿಂದ ಬೆರಸಿ ಮಾಡುವಂಥದು. ಅದರ ಮಟ್ಟಿಗೆ ಆಚಾರಿಗೆ ಹಳೆಯದರ ಮೋಹವೇನೂ ಇರಲಿಲ್ಲ. ಪಟ್ಟಿಯನ್ನು ಇಳಿಸುವಾಗ ಸುತ್ತಿಗೆ ಹಿಡಿದ ಹುಡುಗನನ್ನು ತಡೆದು, "ಬೆಣೆ ಹೊಡ್ದ ಹಾಗೆ ಹೊಡೀಬೇಡ. ಬೆಣೆ ಇರೋದು ಸೀಳೂಕೆ. ನೀ ಸೀಳೂಕೆ ಬಂದವ್ನೊ, ಕೂಡ್ಸೂಕೆ ಬಂದವ್ನೊ?" ಎಂದರು. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಸಾಕು. ನೀರಿಗಿಳಿದ ಮೇಲೆ ಮರವೇ ಉಬ್ಬಿ ಉಳಿದ ಕೆಲಸ ಮಾಡುತ್ತದೆ. ಬಿಗಿ ಹೆಚ್ಚಾದರೆ ಆ ಉಬ್ಬಿಗೆ ಹಲಗೆ ತುದಿಯವರೆಗೂ ಬಿರಿಯುತ್ತದೆ. ಮೇಲೆ ಉಳಿದ ಎತ್ತರವನ್ನು ಎರಡು ದಿನ ಬಿಟ್ಟು, ಅಂಟು ಗಟ್ಟಿಯಾದ ಬಳಿಕ, ಹರಿತವಾದ ಉಳಿಯಿಂದ ತುದಿಗಳಿಂದ ನಡುವಿಗೆ ಬರುತ್ತ ಸವರಿದರು.

ಪಕ್ಕೆಯ ಕೊಯ್ತ ಹೀಗಲ್ಲ. ಅದು ಎಳೆಗಳನ್ನೇ ಕತ್ತರಿಸಿತ್ತು. ಕತ್ತರಿಸಿದ ಎಳೆಯ ತುದಿಗೆ ತುದಿ ಅಂಟಿಸಿದರೆ ಎಷ್ಟು ಒಳ್ಳೆಯ ಅಂಟೂ ನಿಲ್ಲದು; ತುಂಡಾದ ಹಗ್ಗದ ಎರಡು ತುದಿಗಳನ್ನು ಗಂಟು ಹಾಕದೆ ಮೈದಾಹಿಟ್ಟಿನಿಂದ ಅಂಟಿಸಿ ಬಾವಿಗೆ ಕೊಡ ಇಳಿಸಿದಂತೆ. ಆದ್ದರಿಂದ ಸೀಳಿಗೆ ನೀರು ನಿಲ್ಲದಂತೆ ಒಂದು ಚಕ್ಕೆ ಕೂರಿಸಿ, ಪಕ್ಕೆಯ ಮಗ್ಗುಲಿಗೆ ಹೆಬ್ಬಲಸಿನ ಇನ್ನೊಂದು ಪಕ್ಕೆಯನ್ನು, ಗಾಯದ ಎರಡು ಕಡೆಗೂ ಒಂದೊಂದು ಮೊಳಕ್ಕಿಂತ ಉದ್ದವಾಗಿ, ಅದೇ ಬಾಗಿಗೆ ಬಾಚಿಯಿಂದ ಕೆತ್ತಿ ಬೋಲ್ಟು ಹಾಕಿ ಕಟ್ಟಿದರು. ಕೊಯ್ತದ ಹತ್ತಿರ ಒಂದು ತೂತನ್ನೂ ಕೊರೆಯಬಿಡಲಿಲ್ಲ. ಹಲಗೆಗೆ ಹಲಗೆಯನ್ನು ಉದ್ದಕ್ಕೆ ಕೂಡಿಸಬೇಕಾದಾಗಲೂ ಇದೇ ನ್ಯಾಯ: ನೇರ ಅಡ್ಡಗೂಡು ಮಾಡದೆ ಎರಡೂ ತುದಿಗಳನ್ನು ಇಳಿಜಾರಾಗಿ ಸವರಿ ಒಂದರ ಮೇಲೊಂದು ಮಲಗಿಸುತ್ತಾರೆ, ಆ ಇಳಿಜಾರು ದಪ್ಪದ ಎಂಟು ಪಟ್ಟಿಗೆ ಕಡಿಮೆಯಾದರೆ ಬಿಡುತ್ತದೆ, ಹನ್ನೆರಡು ಪಟ್ಟಾದರೆ ಒಳ್ಳೆಯದು. ಹಾಗೆಯೇ ಹಲಗೆಯಲ್ಲಿ ಕೊಳೆತ ಮಚ್ಚೆಯೊಂದನ್ನು ತೆಗೆದು ತೇಪೆ ಹಾಕುವಾಗ ಅದನ್ನು ಚೌಕವಾಗಿ ಕತ್ತರಿಸುವುದಿಲ್ಲ, ಎರಡು ತುದಿ ಚೂಪಾದ ದೋಣಿಯ ಆಕಾರಕ್ಕೇ ಕತ್ತರಿಸುತ್ತಾರೆ. ಎಳೆಗೆ ಅಡ್ಡಲಾಗಿ ನೇರ ಗೆರೆ ಎಲ್ಲಿಯೂ ಬರಕೂಡದು.

ಇದೆಲ್ಲ ನಡೆಯುತ್ತಿರುವಾಗ ಇನ್ನೊಂದು ಬೆಳಕಿಗೆ ಬಂತು. ಹಳೆಯ ಎಣ್ಣೆಯ ಕರಿ ಹೊಪ್ಪಳೆಯನ್ನು ಕೆರೆಯುತ್ತಿದ್ದ ಹುಡುಗ ಮೂರು ಪಕ್ಕೆ ಆಚೆಗೆ ಒಂದು ಜೋಡಿಪಕ್ಕೆಯನ್ನು ಕಂಡ. ಅದರ ಹಿಂದೆ ಅಡ್ಡಲಾಗಿ ಒಂದು ತೆಳ್ಳನೆಯ ಚಕ್ಕೆ. ಅಜ್ಜನ ಕಾಲದಲ್ಲಿಯೂ ಯಾರದೋ ಗರಗಸ ತಪ್ಪಿತ್ತು! ಅಲ್ಲಿಗೆ ಮಾತ್ರ ನಿಲ್ಲಲಿಲ್ಲ. ಎದುರು ಬದಿಯ ಒಂದು ಹಲಗೆಯಲ್ಲಿ, ಬಣ್ಣದ ಕೆಳಗೆ, ಸುಣ್ಣ ಎಣ್ಣೆ ಕಲಸಿ ಮೆತ್ತಿದ ಇನ್ನೊಂದು ಸೀಳು ಸಿಕ್ಕಿತು. ಮೊದಲನೆಯದು ಗಂಟೆಯಂತೆ ಗಟ್ಟಿ. ಎರಡನೆಯದರ ಸುತ್ತ ಉಳಿ ಊರಿದರೆ ಮರ ಹಿಂಡಿಯಂತೆ ಉದುರಿತು. ಒಂದೇ ದೋಣಿ, ಒಂದೇ ನೀರು. ಒಬ್ಬ ತಪ್ಪನ್ನು ಸರಿಪಡಿಸಿದ್ದ, ಇನ್ನೊಬ್ಬ ಮುಚ್ಚಿದ್ದ. ಮಾರನೆಯ ದಿನ ಒಡೆಯರನ್ನು ಕರೆದು ಆಚಾರಿ ಎರಡನ್ನೂ ತೋರಿಸಿದರು. ಅವರು ಅಜ್ಜನ ಜೋಡಿಪಕ್ಕೆಯ ಮೇಲೆ ಬಹಳ ಹೊತ್ತು ಕೈಯಿಟ್ಟುಕೊಂಡು ನಿಂತಿದ್ದರು. ಹುಡುಗನನ್ನು ಕೆಲಸದಿಂದ ಬಿಡಿಸುವ ಮಾತು ಆಮೇಲೆ ಬರಲಿಲ್ಲ.

ಕನ್ನಡ ಓದಿದವನಿಗೆ ಇಲ್ಲಿ ಹಂಸಪಾದದ ನೆನಪಾಗದೆ ಇರದು. ತಾಳೆಯೋಲೆಯಲ್ಲಿ ಕಂಠದಿಂದ ಕೊರೆದ ಅಕ್ಷರವನ್ನು ಅಳಿಸುವಂತಿಲ್ಲ. ಬರೆಯುತ್ತ ಒಂದಕ್ಷರವನ್ನೋ ಪದವನ್ನೋ ಬಿಟ್ಟುಬಿಟ್ಟರೆ, ಬಿಟ್ಟ ಜಾಗದಲ್ಲಿ ಹಂಸೆಯ ಹೆಜ್ಜೆಯಂಥ ಒಂದು ಗುರುತು ಹಾಕಿ, ಸಾಲಿನ ಮೇಲೆಯೋ ಅಂಚಿನಲ್ಲಿಯೋ ಬಿಟ್ಟದ್ದನ್ನು ಬರೆಯುವುದು ನಮ್ಮ ಲಿಪಿಕಾರರ ಪದ್ಧತಿ. ಅದು ತಪ್ಪಿನ ಒಪ್ಪಿಗೆಯೂ ಹೌದು, ತಿದ್ದುಪಡಿಯೂ ಹೌದು. ಗ್ರಂಥಸಂಪಾದನೆಯಲ್ಲಿ ನಮ್ಮನ್ನು ಕಾಡುವುದು ಹಂಸಪಾದ ಹಾಕಿದ ಲಿಪಿಕಾರನಲ್ಲ. ಬಿಟ್ಟದ್ದು ತಿಳಿಯಬಾರದೆಂದು ತನ್ನದೇ ಒಂದು ಪದವನ್ನು ಛಂದಸ್ಸಿಗೆ ಸರಿಯಾಗಿ ಮೆತ್ತಿ ಮುಂದೆ ಹೋದವನು. ಪಾಠ ನುಣ್ಣಗಿರುತ್ತದೆ, ಒಳಗೆ ಪೊಳ್ಳು. ಒಳಮೈಗೆ ಬಣ್ಣ ಹೊಡೆಸಬೇಕೆಂದು ಒಡೆಯರು ಹೇಳಿದಾಗ ಆಚಾರಿ ಒಪ್ಪಲಿಲ್ಲ. "ಹೊರಗೆ ಎಷ್ಟು ಬೇಕಾದ್ರೂ ಹೊಡೀರಿ. ಒಳಗೆ ಎಣ್ಣೆ ಸಾಕು. ನಾಳೆ ರಿಪೇರಿಗೆ ಬಂದವ್ನಿಗೆ ನಾವೆಂಥ ಮಾಡಿದ್ದು ಹೇಳಿ ಕಾಣ್ಬೇಕು."

ಈ ಮರದ ಕಥೆ ನಮ್ಮ ರಾಜಕೀಯ ಇತಿಹಾಸವನ್ನೂ ತಟ್ಟಿದೆ. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಕೆನರಾ ತೀರವೂ ಅದರ ಕಾಡೂ ಕೈಸೇರಿದವು. ಟೀಪು ೧೭೯೬ರಲ್ಲಿ ನಲವತ್ತು ಯುದ್ಧನೌಕೆಗಳನ್ನು ಕಟ್ಟಿಸುವ ದೊಡ್ಡ ಯೋಜನೆ ಹಾಕಿ, ಮಂಗಳೂರು ಮೊದಲಾದೆಡೆ ಅದಕ್ಕೆ ಏರ್ಪಾಡು ಮಾಡಿದ. ಮೂರು ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು. ಹಡಗುಗಳ ಕಥೆ ಅಲ್ಲಿಗೆ ನಿಂತಿತು. ಮರ ಮಾತ್ರ ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ಓಕ್ ಮರ ತೀರುತ್ತಿದ್ದ ಕಾಲ, ನೆಪೋಲಿಯನ್ನನ ಮೇಲಿನ ಯುದ್ಧದ ಕಾಲ ಅದು. ೧೮೦೬ರಲ್ಲಿ ಕಂಪನಿ ಸರಕಾರ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಅರಣ್ಯದ ಅಧಿಕಾರಿಯಾಗಿ ನೇಮಿಸಿ, ಮಲಬಾರು ಕೆನರಾಗಳ ತೇಗವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ತನ್ನ ಹೊಲದ ಅಂಚಿನ ತೇಗವನ್ನು ರೈತ ಮುಟ್ಟುವಂತಿಲ್ಲವೆಂದ ಮೇಲೆ ಅಸಮಾಧಾನ ಬೆಳೆಯಿತು. ಹಿಂದೆ ಕೆನರಾದ ಕಲೆಕ್ಟರನಾಗಿದ್ದು ಆಮೇಲೆ ಮದರಾಸಿನ ಗವರ್ನರನಾದ ಥಾಮಸ್ ಮನ್ರೋ ೧೮೨೩ರಲ್ಲಿ ಆ ವ್ಯವಸ್ಥೆಯನ್ನು ರದ್ದುಮಾಡಿಸಿದ.

ಪಡುವಣ ಘಟ್ಟದ ತೇಗ ಮುಂಬಯಿಯ ಹಡಗುಕಟ್ಟೆಗೆ ಹೋಗುತ್ತಿತ್ತು. ಅಲ್ಲಿ ಪಾರಸಿಗಳ ವಾಡಿಯಾ ಮನೆತನದ ಆಚಾರ್ಯರು ಬ್ರಿಟಿಷ್ ನೌಕಾದಳಕ್ಕೇ ಹಡಗು ಕಟ್ಟಿಕೊಡುತ್ತಿದ್ದರು. ಜಮ್‌ಶೇಟಜಿ ಬೊಮನಜಿ ವಾಡಿಯಾ ಕಟ್ಟಿದ 'ಟ್ರಿಂಕೊಮಲಿ' ಅಂಥದೊಂದು. ಅದರ ನಕ್ಷೆಗಳನ್ನು ಇಂಗ್ಲೆಂಡಿನಿಂದ ಹೊತ್ತು ತರುತ್ತಿದ್ದ 'ಜಾವಾ' ಎಂಬ ಹಡಗು ೧೮೧೨ರಲ್ಲಿ ಅಮೆರಿಕದವರ ಕೈಗೆ ಸಿಕ್ಕಿ ನಾಶವಾಯಿತು. ಮತ್ತೆ ನಕ್ಷೆ ಬರಬೇಕಾಯಿತು. ೧೮೧೬ರಲ್ಲಿ ಬೆಳ್ಳಿಯ ಮೊಳೆ ಹೊಡೆದು ಅಡಿಮರಕ್ಕೆ ಪೂಜೆಯಾಗಿ, ೧೮೧೭ರ ಅಕ್ಟೋಬರ್ ೧೨ರಂದು ಹಡಗು ನೀರಿಗಿಳಿಯಿತು. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು! ಇಂಗ್ಲೆಂಡಿಗೆ ಹೋಗಿ ಕಾಲು ಶತಮಾನ ಸುಮ್ಮನೆ ನಿಂತಿತು. ೧೮೪೫ರ ತರುವಾಯ ಹಿಂಭಾಗವನ್ನು ಕೊಯ್ದು ಬೇರೆ ಆಕಾರಕ್ಕೆ ತಂದು, ಫಿರಂಗಿಗಳನ್ನು ಕಡಿಮೆ ಮಾಡಿ ಕೆಲಸಕ್ಕೆ ಹಚ್ಚಿದರು. ಆಮೇಲೆ ತರಬೇತಿಯ ಹಡಗಾಯಿತು; ೧೮೯೭ರಲ್ಲಿ ಒಡೆದು ಮಾರಲು ಹೋದದ್ದನ್ನು ಒಬ್ಬ ಶ್ರೀಮಂತರು ಕೊಂಡು ಉಳಿಸಿ, 'ಫೂದ್ರೊಯಾಂಟ್' ಎಂದು ಹೆಸರು ಬದಲಿಸಿ ಹುಡುಗರಿಗೆ ಕಡಲ ಶಿಕ್ಷಣ ಕೊಡಿಸಿದರು. ೧೯೮೭ರಲ್ಲಿ ಇಂಗ್ಲೆಂಡಿನ ಹಾರ್ಟಲ್‌ಪೂಲಿಗೆ ಒಯ್ದು, ೧೯೯೦ರಿಂದ ೨೦೦೧ರವರೆಗೆ, ಹನ್ನೊಂದು ವರ್ಷ, ಅದನ್ನು ಜೀರ್ಣೋದ್ಧಾರ ಮಾಡಿದರು. ಹಳೆಯ ಹೆಸರೂ ಮರಳಿತು. ಕೊಳೆತದ್ದನ್ನಷ್ಟೇ ಕೊಯ್ದು ತೆಗೆದು, ಅದರ ಅರ್ಧಕ್ಕಿಂತ ಹೆಚ್ಚು ಮೂಲ ಮರವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ನಮ್ಮ ಘಟ್ಟದ ಸಾಲಿನ ತೇಗ ಇನ್ನೂರು ವರ್ಷಗಳಾದರೂ ಇಂಗ್ಲೆಂಡಿನ ನೀರಿನಲ್ಲಿ ತೇಲುತ್ತಿದೆ. ಓಕ್ ಮರದ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತೇಗದ ಎಣ್ಣೆ ಅದನ್ನು ಕಾಯುತ್ತದೆ. ಬದುಕಿದ್ದರ ಗುಟ್ಟು ಬಹುಮಟ್ಟಿಗೆ ಇಷ್ಟೆ.

ನಮ್ಮಲ್ಲಿ ಏನು ಉಳಿಯಿತು? ಅಮಿನದಿವಿ ದ್ವೀಪಗಳು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ನಾರು, ಕೊಬ್ಬರಿ ತುಂಬಿದ ತಮ್ಮ ಹೊಲಿದ ಓಡಗಳನ್ನು ಮಂಗಳೂರಿಗೆ ನಡೆಸಿಕೊಂಡು ಬಂದು, ಅಕ್ಕಿ ಹೇರಿಕೊಂಡು ಮರಳುತ್ತಿದ್ದರು. ಆ ಓಡಗಳೂ, ಹೆಂಚು ಸಾಗಿಸುತ್ತಿದ್ದ ಮಂಜಿಗಳೂ ಹಾಯಿಯಿಳಿಸಿದವು. ಕಟ್ಟುವ ಕೈಗಳು ಕಡಿಮೆಯಾಗುತ್ತಿರುವಾಗ ಒಂದು ಸಂತೋಷದ ಸುದ್ದಿ ಬಂತು. ಅಜಂತೆಯ ಒಂದು ಚಿತ್ರದಲ್ಲಿರುವ ೫ನೆಯ ಶತಮಾನದ ಹಡಗಿನ ಮಾದರಿಯಲ್ಲಿ, ಕೇರಳದ ಆಚಾರಿ ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಗೋವೆಯಲ್ಲಿ ನಾರಿನಿಂದ ಹೊಲಿದು ಕಟ್ಟಿದ 'ಕೌಂಡಿನ್ಯ' ಹಡಗನ್ನು ೨೦೨೫ರ ಮೇ ೨೧ರಂದು ನಮ್ಮ ಕಾರವಾರದಲ್ಲಿ ನೌಕಾದಳಕ್ಕೆ ಸೇರಿಸಿಕೊಂಡರು. ಅದೇ ವರ್ಷ ಡಿಸೆಂಬರ್ ೨೯ರಂದು ಪೋರಬಂದರಿನಿಂದ ಹೊರಟ ಅದು ೨೦೨೬ರ ಜನವರಿ ೧೪ರಂದು, ನಮ್ಮ ಸಂ ಕ್ರಾಂತಿಯ ಹೊತ್ತಿಗೆ, ಮಸ್ಕತ್ತನ್ನು ಮುಟ್ಟಿತು. ಮಾರ್ಕೊ ಪೋಲೋಗೆ ಇಷ್ಟು ತಡವಾಗಿಯಾದರೂ ಉತ್ತರ ಸಿಕ್ಕಿತೆನ್ನಬಹುದು.

ರಜೆಯಲ್ಲಿ ನಿರ್ಣಾಕ್ಕೆ ಹೋದಾಗ ಈ ಕಥೆಯನ್ನೆಲ್ಲ ನಮ್ಮ ಓಣಿಯ ಬಡಿಗೇರ ಕಾಕಾನ ಮುಂದೆ ಹೇಳಿದೆ. ಆತ ಸಮುದ್ರ ಕಂಡವನಲ್ಲ. ಎಲ್ಲ ಕೇಳಿ, "ಬಂಡೀ ಹಲಗಿ ಕೊಯ್ದ್ರ ನಾನೂ ಹಿಂಗೇ ಪಟ್ಟಿ ಕೂಡಸ್ತೀನಿ. ಖರೆ ಗಾಲಿ ಅರದಾಗ ಕೊಯ್ತ ಬಿದ್ರ ಹಚ್ಚಂಗಿಲ್ಲ ತಮ್ಮಾ, ಒಲಿಗಿ ಹಾಕ್ತೀನಿ. ಮ್ಯಾಲ ಮಂದಿ ಕುಂತಿರ್ತಾರ," ಎಂದ. ಯಾವುದಕ್ಕೆ ತೇಪೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬ ಈ ವಿವೇಕವನ್ನು ನಾನು ಅಳಿವೆಯ ದಂಡೆಯಲ್ಲಿ ಕೇಳಲು ಮರೆತಿದ್ದೆ. ಹಿಂತಿರುಗಿದ ಮೇಲೆ ಆಚಾರಿಗೆ ಹೇಳಿದೆ. ಅವರು ನಕ್ಕು, "ನಿಮ್ಮ ಕಾಕಾ ಬಂದ್ರೆ ಕೆಲ್ಸ ಕೊಡ್ತೆ ಮಾಸ್ತರೇ," ಎಂದರು.

ದೋಣಿ ನೀರಿಗಿಳಿದ ದಿನ ತಳದಲ್ಲಿ ನೀರು ಜಿನುಗಿತು. ನಾನು ಗಾಬರಿಯಾದೆ; ಉಳಿದವರಾರೂ ಆಗಲಿಲ್ಲ. ವರ್ಷಗಟ್ಟಲೆ ಒಣಗಿದ ಹಲಗೆ ನೀರು ಕುಡಿದು ಉಬ್ಬುವವರೆಗೆ ಹಾಗೆಯೇ ಎಂದರು. ಎರಡು ರಾತ್ರಿ ಹುಡುಗ ದೋಣಿಯಲ್ಲಿಯೇ ಮಲಗಿ ನೀರು ಎತ್ತಿ ಚೆಲ್ಲಿದ. ಮೂರನೆಯ ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ನಾನು ದಂಡೆಗೆ ಹೋದಾಗ ಅವನು ಟಾರ್ಚು ಹಿಡಿದು ತಾನು ಕೊಯ್ದ ಪಕ್ಕೆಯ ಬಳಿ ಬಗ್ಗಿ ಕೂತಿದ್ದ. ಬೆರಳಿನಿಂದ ಸವರಿ, ಬೆರಳನ್ನು ಮೂಗಿನ ಹತ್ತಿರ ಹಿಡಿದು, ಅಂಗಿಗೆ ಒರಸಿಕೊಂಡ. "ಒಣಗಿಯೇ ಅದೆ ಮಾವ," ಎಂದು ದಂಡೆಯ ಕಡೆಗೆ ಕೂಗಿದ. ಆಚಾರಿ ಬೀಡಿ ಹಚ್ಚುತ್ತಿದ್ದರು. ತಲೆಯೆತ್ತದೆ, "ಆಚೆ ಬದಿದೂ ನೋಡು," ಎಂದರು.